ಬೆಳಗಾವಿ ಸೀಮೆಯ ಒಡೆದ ಅಕ್ಷರಗಳು

ಬೆಳಗಾವಿಯಿಂದ ಪುಣೆಯ ಹೆದ್ದಾರಿಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟವರಿಗೆ ನಗರದ ಅಂಚು ದಾಟಿದ ಸ್ವಲ್ಪ ಹೊತ್ತಿಗೇ ಎದುರಾಗುವ ಕಾಕತಿಯು, 1778ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನಿಗೆ ಜನ್ಮವಿತ್ತ ಗ್ರಾಮವೆಂಬ ಕೀರ್ತಿಯಿಂದ ನಾಡಿಗೆಲ್ಲ ಪರಿಚಿತವಾದುದು. ಆ ಕೀರ್ತಿಯ ಜೊತೆಗೆ ಅದಕ್ಕೆ ಇನ್ನೊಂದು ಲಕ್ಷಣವೂ ಉಂಟು: ಕನ್ನಡ ಮನೆಮಾತಿನವರೂ ಮರಾಠಿ ಮನೆಮಾತಿನವರೂ ಒಂದೇ ಓಣಿಯಲ್ಲಿ ಬಾಳುತ್ತ, ಲಗ್ನಪತ್ರಿಕೆಯಿಂದ ಮೊದಲ್ಗೊಂಡು ಪತ್ತಿನ ಸಂಘದ ವಾರ್ಷಿಕ ವರದಿಯವರೆಗೆ ಎಷ್ಟೋ ಬರಹಗಳನ್ನು ಎರಡು ಲಿಪಿಗಳಲ್ಲಿ ಅಚ್ಚು ಹಾಕಿಸಿಕೊಳ್ಳುವ ಗಡಿಸೀಮೆಯ ಊರುಗಳಲ್ಲಿ ಅದೂ ಒಂದು. ಎರಡು ಲಿಪಿಗಳ ನಡುವೆ ಬಾಳುವ ಜನರಿಗೆ, ಬರೆದಿಟ್ಟದ್ದು ಕಣ್ಣೆದುರಿಗಿದ್ದರೂ ಓದಲಾಗದಿರುವ ಸಂಕಟವು ಹೊಸತಲ್ಲ. ಗಣಕಯಂತ್ರದ ಕಡತವೊಂದು ತಕ್ಕ ತಂತ್ರಾಂಶದಲ್ಲಿ ತೆರೆಯಲೊಲ್ಲದೆ ಹೋದಾಗ ಈಗಿನವರು ಅನುಭವಿಸುವ ಸಂಕಟವು ಆ ಹಳೆಯ ಸಂಕಟದ್ದೇ ನೂತನಾವತಾರವೆಂದು ನಾನು ತಿಳಿದಿರುವುದರಿಂದ, ಅದರ ಚರಿತ್ರೆಯನ್ನು ಈ ಸೀಮೆಯ ನೆಲದ ಮೇಲೆ ನಿಂತು ಬರೆಯುವುದು ಉಚಿತವೆನಿಸಿದೆ.

ಈ ಭಾಗದ ಡಿಟಿಪಿ ಅಂಗಡಿಗಳಲ್ಲಿ, "ಅಕ್ಷರ ಒಡದಾವ್ರಿ, ಸ್ವಲ್ಪ ನೋಡ್ರಿ" ಎಂಬ ಮಾತು ಇಪ್ಪತ್ತು ವರ್ಷಗಳಿಗೂ ಮಿಕ್ಕು ಕೇಳಿಬರುತ್ತಿದೆ. ಪೆನ್‌ಡ್ರೈವಿನಲ್ಲಿ ತಂದ ಕಡತವು ತೆರೆಯುವುದೇ ಇಲ್ಲ. ತೆರೆದರೂ ಕನ್ನಡವಿರಬೇಕಾದಲ್ಲಿ ಯುರೋಪಿನ ಅಕ್ಷರಗಳ ಸಂತೆ ನೆರೆದಿರುತ್ತದೆ, ಇಲ್ಲವೇ ಸಾಲುಸಾಲಾಗಿ ಬರಿಯ ಡಬ್ಬಿಗಳು ಕಾಣಿಸುತ್ತವೆ. ತಂದವರು ಕಡತವೇ ಹಾಳಾಯಿತೆಂದು ನಿಟ್ಟುಸಿರಿಡುತ್ತಾರೆ. ಆದರೆ ಅನುಭವವುಳ್ಳ ಆಪರೇಟರನು ಬಲ್ಲ, ಬಹುತೇಕ ಪ್ರಸಂಗಗಳಲ್ಲಿ ಕಡತವು ಹಾಳಾಗಿರುವುದಿಲ್ಲವೆಂದು. ಬರೆದವನ ಅಕ್ಷರಗಳಿಗಾಗಿ ಗಣಕವು ಇಟ್ಟುಕೊಂಡ ಅಂಕಿಗಳೆಲ್ಲ ಇಟ್ಟಲ್ಲಿಯೇ ಇರುತ್ತವೆ. ಯಾವ ಅಂಕಿಗೆ ಯಾವ ಅಕ್ಷರವೆಂಬ ಸಂಕೇತದ ನೆನಪು ಮಾತ್ರ ಅಳಿದಿರುತ್ತದೆ. ಈ ಒಂದು ಮಾತನ್ನು ಸ್ಥಾಪಿಸುವುದೇ ನನ್ನ ಉದ್ದೇಶ. ಅದಕ್ಕಾಗಿ ತುಸು ಹಿಂದಕ್ಕೆ ಹೋಗಬೇಕಾಗುತ್ತದೆ.

ಖಾನಾಪುರ ತಾಲೂಕಿನ ಹಲಸಿಯು ಈಗ ಕಾಡಿನ ಮಗ್ಗುಲಿನ ಒಂದು ಹಳ್ಳಿ. ಹಿಂದೆ ಅದು ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿ ಮೆರೆದ ಪಟ್ಟಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ದೊರೆತ ತಾಮ್ರಪಟಗಳು ಕಾಕುತ್ಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಮೊದಲಾದ ಅರಸರ ಕಾಲದವು. ಜೈನ ಧರ್ಮಕ್ಕೆ ಸಲ್ಲಿಸಿದ ದಾನಗಳನ್ನು ಸಾರುವಂಥವು. ಭಾಷೆ ಸಂಸ್ಕೃತ, ಲಿಪಿ ಕನ್ನಡದ ಪ್ರಾಚೀನ ರೂಪ. ಹದಿಮೂರು ಶತಮಾನಗಳ ಕಾಲ ತಾಮ್ರವೂ ಸವೆಯಲಿಲ್ಲ, ಕೊರೆದ ಗೆರೆಯೂ ಅಳಿಯಲಿಲ್ಲ. ಆದರೆ ಊರಿನ ಕಣ್ಣಿಗೆ ಅದು ಬರಿಯ ಗೀಚಾಗಿ ಉಳಿದಿತ್ತು. ಅದನ್ನು ತೆರೆದು ಓದಿದವರಲ್ಲಿ ಪ್ರಮುಖನಾದವನು ಮುಂಬಯಿ ಸಿವಿಲ್ ಸರ್ವಿಸಿನ ಜಾನ್ ಫೇತ್‌ಫುಲ್ ಫ್ಲೀಟ್. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಅವನು 1882ರಲ್ಲಿ ಹೊರತಂದ ಗ್ರಂಥವು ಇಂಥ ವಾಚನಗಳ ಮೇಲೆಯೇ ನಿಂತಿದೆ. ಈ ಅಧಿಕಾರಿಯು ಶಾಸನಗಳಿಂದಷ್ಟೇ ತೃಪ್ತನಾಗದೆ, 1831ರಲ್ಲಿ ಇದೇ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬಾಯಿಂದ ಬಾಯಿಗೆ ಬಂದ ರೂಪದಲ್ಲಿ ಸಂಗ್ರಹಿಸಿ ಅಚ್ಚಿಗೆ ತಂದನೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಫ್ಲೀಟನಿಗಿಂತಲೂ ಹಿಂದಿನವನಾದ ವಾಲ್ಟರ್ ಎಲಿಯಟನ ಕಥೆ ಇನ್ನೂ ವಿಸ್ಮಯಕರವಾದುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯು ಹತನಾದಾಗ, ಕಾಕತಿಯ ಆ ಮಗಳ ಸೈನಿಕರ ಕೈಗೆ ಸೆರೆಸಿಕ್ಕವರಲ್ಲಿ ಈ ತರುಣ ಎಲಿಯಟನೂ ಒಬ್ಬನಾಗಿದ್ದ. ಬಿಡುಗಡೆ ಹೊಂದಿ ಬದುಕುಳಿದ ಅವನು ಮುಂದೆ ಈ ಸೀಮೆಯಲ್ಲಿಯೇ ಅಧಿಕಾರದಲ್ಲಿದ್ದುಕೊಂಡು, ಸ್ಥಳೀಯ ವಿದ್ವಾಂಸರ ನೆರವಿನಿಂದ 595 ಶಾಸನಗಳನ್ನು ಪ್ರತಿಮಾಡಿಸಿ ಸಂಪುಟಗಳಾಗಿ ಕಟ್ಟಿಸಿದ. 1830ರ ದಶಕದಲ್ಲಿ ಅವನು ಬರೆದ ಲೇಖನದಿಂದಲೇ ಚಾಲುಕ್ಯರೇ ಮೊದಲಾದ ವಂಶಗಳ ಕ್ರಮಬದ್ಧ ಇತಿಹಾಸಕ್ಕೆ ಆರಂಭ ದೊರೆಯಿತು. ಹಳೆಯ ಲಿಪಿಯನ್ನು ಓದಿ ಹೊಸ ಲಿಪಿಗೆ ಇಳಿಸಿದ ಆ ವಿದ್ವಾಂಸರ ಶ್ರಮಕ್ಕೆ ಎಲಿಯಟನ ಹೆಸರಿಗೆ ಸಂದ ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಮನಸ್ಸಿಗೆ ಸದಾ ನೋವುಂಟುಮಾಡುವ ಸಂಗತಿ.

ಶಾಸನಗಳ ಮಾತು ಹಾಗಿರಲಿ. ದಿನಬಳಕೆಯ ಕಾಗದಪತ್ರಗಳಲ್ಲಿಯೂ ಇದೇ ಕಥೆ. ಪೇಶವೆಯರ ಆಳ್ವಿಕೆಯಲ್ಲಿಯೂ 1818ರ ನಂತರ ಕಂಪನಿಯ ಆಳ್ವಿಕೆಯಲ್ಲಿಯೂ ಈ ಭಾಗದ ದಫ್ತರವು ಬಹುಮಟ್ಟಿಗೆ ಮೋಡಿ ಲಿಪಿಯ ಮರಾಠಿಯಲ್ಲಿ ನಡೆಯಿತು. ಮೊದಲು ಕಾಗದದ ಉದ್ದಕ್ಕೂ ತಲೆಗೆರೆಯನ್ನು ಎಳೆದುಕೊಂಡು, ಅದರ ಕೆಳಗೆ ಲೇಖನಿಯನ್ನು ಆದಷ್ಟು ಎತ್ತದೆ, ಹ್ರಸ್ವ ದೀರ್ಘಗಳ ಭೇದವನ್ನು ಅಷ್ಟಾಗಿ ಎಣಿಸದೆ ಕುಲಕರ್ಣಿಗಳು ಬರೆದುಕೊಂಡು ಹೋಗುತ್ತಿದ್ದ ಆ ಬರವಣಿಗೆಯು, ಬರೆಯುವವನಿಗೆ ವೇಗವಾದುದು, ಓದುವವನಿಗೆ ದುರ್ಗಮವಾದುದು. ಕನ್ನಡದ ಕಡತಗಳೂ ಸುಲಭವಾದವುಗಳಲ್ಲ: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದಿಡುತ್ತಿದ್ದ ಆ ಕಪ್ಪು ಹಾಳೆಗಳ ಕೂಡುಬರಹವನ್ನು ಶೃಂಗೇರಿ ಮಠದ ಕಡತಗಳಲ್ಲಿ ಕಂಡವರು, ಕನ್ನಡ ಬಲ್ಲವರಾದರೂ ಅದನ್ನು ಓದಲು ಪ್ರತ್ಯೇಕ ಅಭ್ಯಾಸ ಬೇಕೆಂದು ಒಪ್ಪುವರು. ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಶಾಲೆಗಳು ಈ ಸೀಮೆಯಲ್ಲಿ ನೆಲೆಯೂರಿದುವು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಮೋಡಿಯು ಶಾಲೆಗಳಿಂದ ಮರೆಯಾಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಒಂದು ಮನೆತನದ ಪೆಟ್ಟಿಗೆಯಲ್ಲಿ ಅಜ್ಜನ ಮೋಡಿ ಪತ್ರ, ತಂದೆಯ ಬಾಳಬೋಧ (ದೇವನಾಗರಿ) ಪತ್ರ, ಮಗನ ಕನ್ನಡ ಉತಾರ ಇವು ಮೂರೂ ಒಂದರ ಮೇಲೊಂದು ಇದ್ದು, ಮಗನಿಗೆ ಮೂರನೆಯದು ಮಾತ್ರ ಓದಲು ಬರುವ ಸ್ಥಿತಿ ಹೀಗೆ ಒದಗಿತು.

ಹಳೆಯ ಬರಹದಲ್ಲಿ ಮುಚ್ಚಿಹೋಗಿದ್ದ ಒಂದು ಮಹಾಗ್ರಂಥದ ಉದ್ಘಾಟನೆಗೆ ಬೆಳಗಾವಿ ನಗರವೇ ಸಾಕ್ಷಿಯಾದದ್ದು 1923ರಲ್ಲಿ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ, ಮಠಮಠಗಳಲ್ಲಿ ಧೂಳು ತಿನ್ನುತ್ತಿದ್ದ ತಾಡವೋಲೆಗಳನ್ನು ಸಂಗ್ರಹಿಸಿ, ಅವುಗಳಿಂದ ವಚನಗಳನ್ನು ಬಿಡಿಸಿ ಬರೆದು, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು. ಆಮೇಲೆ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂತು. ತಾಡವೋಲೆಯ ಬರಹದಲ್ಲಿ ಪದಪದಕ್ಕೆ ತೆರಪಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಸಾಮಾನ್ಯವಾಗಿ ಭೇದ ತೋರಿಸುವುದಿಲ್ಲ. ಎಲ್ಲಿ ವಚನ ಮುಗಿಯಿತು, ಎಲ್ಲಿ ಇನ್ನೊಂದು ತೊಡಗಿತೆಂಬುದನ್ನು ಅಂಕಿತದಿಂದಲೇ ಗೊತ್ತುಮಾಡಿಕೊಳ್ಳಬೇಕು. ಹಳಕಟ್ಟಿಯವರು ಮಾಡಿದ್ದು ಪ್ರತಿಲೇಖನವೆಂದು ಹೇಳಿ ಮುಗಿಸುವಂತಿಲ್ಲ. ಒಂದು ವ್ಯವಸ್ಥೆಯಲ್ಲಿ ಅಡಗಿದ್ದ ಪಾಠವನ್ನು ಅದರ ಸಂಕೇತಗಳನ್ನರಿತು ಬಿಚ್ಚಿ, ಅಚ್ಚಿನ ಮೊಳೆಯೆಂಬ ಇನ್ನೊಂದು ವ್ಯವಸ್ಥೆಗೆ ನಷ್ಟವಿಲ್ಲದೆ ದಾಟಿಸಿದ ಕಾರ್ಯ ಅದು. ಈಗಿನ ಅಂಗಡಿಗಳ ಭಾಷೆಯಲ್ಲಿ ಅದನ್ನೇ 'ಕನ್ವರ್ಟ್ ಮಾಡುವುದು' ಎನ್ನುತ್ತಾರೆ.

ಇನ್ನು ಗಣಕದ ಕಡತಗಳಿಗೆ ಬರೋಣ. ಇವುಗಳಿಗೆ ಬರುವ ಬೇನೆ ಎರಡು ಬಗೆಯದು. ಮೊದಲನೆಯದು, ಕಡತವು ತಪ್ಪು ತಂತ್ರಾಂಶದ ಕೈಗೆ ಹೋಗುವುದು. ಹೆಸರಿನ ಕೊನೆಯಲ್ಲಿ ಒಂದು ಚುಕ್ಕಿಯನ್ನಿಟ್ಟು, ಅದರ ಮುಂದೆ ಮೂರು ಅಕ್ಷರಗಳ ಬಾಲವನ್ನು ಸೇರಿಸುವ ರೂಢಿಯು 1970ರ ದಶಕದ ಸಿಪಿ-ಎಂ ವ್ಯವಸ್ಥೆಯಿಂದ 1981ರ ಎಂಎಸ್-ಡಾಸಿಗೂ, ಅಲ್ಲಿಂದ ವಿಂಡೋಸಿಗೂ ಬಂದುದು. ವಿಂಡೋಸು ಕಡತದ ಒಡಲನ್ನು ನೋಡದೆ ಈ ಬಾಲವನ್ನು ನೋಡಿಯೇ ಯಾವ ತಂತ್ರಾಂಶವನ್ನು ಕರೆಯಬೇಕೆಂದು ನಿರ್ಧರಿಸುತ್ತದೆ. ಬಾಲವು ಕಳಚಿದ್ದರೆ, ಬದಲಾಗಿದ್ದರೆ, ಹೊಸದಾಗಿ ಬಂದ ತಂತ್ರಾಂಶವೊಂದು ಆ ಬಾಲದ ಮೇಲೆ ತನ್ನ ಹಕ್ಕನ್ನು ಸ್ಥಾಪಿಸಿದ್ದರೆ, ಕಡತವು ತೆರೆಯದು. ಇದಕ್ಕೆ ಪರಿಹಾರ ಸುಲಭ. ಬಹಳಷ್ಟು ಕಡತಗಳು ತಮ್ಮ ಒಡಲಿನ ಆರಂಭದಲ್ಲಿಯೇ ಕುಲಚಿಹ್ನೆಯನ್ನು ಧರಿಸಿರುತ್ತವೆ: ಪಿಡಿಎಫ್ ಕಡತವು ಶೇಕಡಾ ಚಿಹ್ನೆಯ ಮುಂದೆ ತನ್ನ ಹೆಸರನ್ನೇ ಬರೆದುಕೊಂಡಿರುತ್ತದೆ, ಈಚಿನ ವರ್ಡ್ ಕಡತವು, ಜಿಪ್ ಕಟ್ಟಿನ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜನ ಹೆಸರಿನ ಮೊದಲಕ್ಷರಗಳಾದ ಪಿ, ಕೆ ಎಂಬ ಎರಡಕ್ಷರಗಳಿಂದ ತೊಡಗುತ್ತದೆ, ಏಕೆಂದರೆ ಅದು ಜಿಪ್ ಕಟ್ಟೇ ಆಗಿದೆ. ಸಾದಾ ಪಠ್ಯಸಂಪಾದಕದಲ್ಲಿ ತೆರೆದು ಈ ಚಿಹ್ನೆಯನ್ನು ಗುರುತಿಸಿ, ಬಾಲವನ್ನು ಸರಿಪಡಿಸಿದರೆ, ಇಲ್ಲವೇ 'ಓಪನ್ ವಿತ್' ಎಂಬಲ್ಲಿ ಸರಿಯಾದ ತಂತ್ರಾಂಶವನ್ನು ತೋರಿಸಿಕೊಟ್ಟರೆ ಕೆಲಸವಾಯಿತು.

ಎರಡನೆಯ ಬೇನೆಯೇ ನಮ್ಮ ಭಾಷೆಗಳಿಗೆ ವಿಶೇಷವಾದುದು. ಅದರ ಬೇರು ಅಚ್ಚಿನ ಮೊಳೆಯಲ್ಲಿದೆ. ಕನ್ನಡದ 34 ವ್ಯಂಜನಗಳ ಕಾಗುಣಿತವನ್ನು ಬಿಡಿಬಿಡಿಯಾಗಿ ಎರಕ ಹೊಯ್ದರೆ ಅದೊಂದೇ 400ನ್ನು ಮೀರುತ್ತದೆ, ಒತ್ತಕ್ಷರಗಳು ಬೇರೆ. ಆದ್ದರಿಂದ ಮೊಳೆ ಜೋಡಿಸುವವರು ಅಕ್ಷರದ ಒಡಲು, ತಲೆಕಟ್ಟು, ಕೊಂಬು, ಒತ್ತು ಎಂದು ಭಾಗಮಾಡಿ ಜೋಡಿಸುವ ಕೌಶಲವನ್ನು ಬೆಳೆಸಿಕೊಂಡಿದ್ದರು. ಗಣಕವು ಬಂದಾಗ ಪರಿಸ್ಥಿತಿ ಇನ್ನೂ ಇಕ್ಕಟ್ಟಾಯಿತು. 1963ರ ಆಸ್ಕಿ ಸಂಕೇತದಲ್ಲಿ ಇದ್ದುದು 128 ಸ್ಥಾನಗಳು, ಅವೂ ಇಂಗ್ಲಿಷಿಗೆ. ಆಮೇಲೆ ಅದು ಎರಡು ಪಟ್ಟಾಗಿ 256 ಆದಾಗ ಉಳಿದರ್ಧವು ಫ್ರೆಂಚು, ಜರ್ಮನು ಮೊದಲಾದ ಭಾಷೆಗಳ ವಿಶಿಷ್ಟಾಕ್ಷರಗಳ ಪಾಲಾಯಿತು. ಕನ್ನಡಕ್ಕೆ ಸ್ಥಾನವೇ ಇರಲಿಲ್ಲ. ನಮ್ಮ ಫಾಂಟ್ ನಿರ್ಮಾಪಕರು ಆ ಪರಭಾಷೆಯ ಗೂಡುಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದರು. ಗಣಕದ ಮಟ್ಟಿಗೆ ಅದು ಈಗಲೂ ಜರ್ಮನ್ ಅಕ್ಷರವೇ. ತೆರೆಯ ಮೇಲೆ ಮಾತ್ರ ಕನ್ನಡದ ವೇಷ. ಆ ಕಾಲದಲ್ಲಿ ಅದಕ್ಕಿಂತ ಬೇರೆ ಉಪಾಯವಿರಲಿಲ್ಲವೆಂಬುದನ್ನೂ, ಆ ಉಪಾಯದಿಂದಲೇ ಕನ್ನಡದ ಪುಸ್ತಕೋದ್ಯಮವು ಗಣಕಯುಗಕ್ಕೆ ಕಾಲಿಟ್ಟಿತೆಂಬುದನ್ನೂ ಮರೆತು ಅದನ್ನು ಹಳಿಯುವುದು ನ್ಯಾಯವಲ್ಲ.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂಬ ಪದವನ್ನು ಬರೆದು ಫಾಂಟನ್ನು ತೆಗೆದುಬಿಟ್ಟರೆ ಕಾಣುವುದು ಏಳು ಚಿಹ್ನೆಗಳು: ದೊಡ್ಡ ಪಿ, ತಲೆಯ ಮೇಲೆ ಓರೆಗೀಟುಳ್ಳ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಇದು ಅಸಂಬದ್ಧವಲ್ಲ. ಮೂರು ಸಲ ಬಂದಿರುವ ಓರೆಗೀಟಿನ ಎ ಎಂಬುದು ತಲೆಕಟ್ಟು. ಪಿ ಎಂಬುದು ಕಕಾರದ ಒಡಲು. ಪೌಂಡು ನಕಾರದ ಒಡಲು. ಜೋಡಿ ಎಸ್ ನಕಾರದ ಒತ್ತು. ಕ್ಯೂ ಡಕಾರದ ಒಡಲು. ಇನ್ನೂ ಸೂಕ್ಷ್ಮವಾದ ಸಂಗತಿಗಳಿವೆ. ಇದೇ ಕ್ರಮದಲ್ಲಿ ಮಕಾರಕ್ಕೆ ಸ್ವತಂತ್ರ ಸ್ಥಾನವಿಲ್ಲ, ವಕಾರವನ್ನು ಬರೆದು ಪಕ್ಕದಲ್ಲಿ ಒಂದು ಬಾಲವನ್ನು ಸೇರಿಸಿದರೆ ಅದೇ ಮಕಾರ. ಯಕಾರವಂತೂ ಅನುಸ್ವಾರದ ಸೊನ್ನೆಯಿಂದಲೇ ಆರಂಭವಾಗುತ್ತದೆ. 'ಸಂಯಮ' ಎಂದು ಬರೆದರೆ ಎರಡು ಸೊನ್ನೆಗಳು ಅಕ್ಕಪಕ್ಕ ಬಂದು, ಮೊದಲನೆಯದು ಅನುಸ್ವಾರವೆಂದೂ ಎರಡನೆಯದು ಯಕಾರದ ಅವಯವವೆಂದೂ ವಿವೇಚಿಸುವ ಹೊಣೆ ಪರಿವರ್ತಕನ ಮೇಲೆ ಬೀಳುತ್ತದೆ. ಮೊಳೆ ಜೋಡಿಸುವವನ ಬೆರಳುಗಳಲ್ಲಿದ್ದ ಜ್ಞಾನವೇ ಇಲ್ಲಿ ಅಂಕಿಗಳಾಗಿ ಹೆಪ್ಪುಗಟ್ಟಿದೆ.

ಒಂದೇ ಬಗೆಯ ಕೂರಿಸುವಿಕೆ ಎಲ್ಲರದೂ ಆಗಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಮಾರುಕಟ್ಟೆಗೆ ಬಂದ ತಂತ್ರಾಂಶಗಳು ತಮ್ಮ ತಮ್ಮ ಇಚ್ಛೆಗನುಸಾರವಾಗಿ ಗೂಡುಗಳನ್ನು ಹಂಚಿಕೊಂಡುದರಿಂದ, ಒಬ್ಬನ ಕಕಾರವಿರುವ ಗೂಡಿನಲ್ಲಿ ಇನ್ನೊಬ್ಬನ ಒತ್ತಕ್ಷರವಿರುವಂತಾಯಿತು. ಅದರ ಮೇಲೆ ಬೆಳಗಾವಿಯಂಥ ಊರಿನಲ್ಲಿ ಒಂದು ಹೆಚ್ಚಿನ ಗಂಟು. ದೇವನಾಗರಿ ಫಾಂಟುಗಳೂ ಅವೇ 256 ಗೂಡುಗಳಲ್ಲಿ ನೆಲೆಸಿದುವು. ಆದ್ದರಿಂದ ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ ಇರುವ ಲಗ್ನಪತ್ರಿಕೆಯ ಕಡತದಲ್ಲಿ, ಅಂಕಿಗಳ ಮಟ್ಟದಲ್ಲಿ, ಎರಡು ಭಾಷೆಗಳಿಗೆ ಯಾವ ಭೇದವೂ ಇರುವುದಿಲ್ಲ. ಈ ಸಾಲಿಗೆ ಇಂಥ ಫಾಂಟು, ಆ ಸಾಲಿಗೆ ಅಂಥ ಫಾಂಟು ಎಂಬ ಅಲಂಕಾರದ ಸೂಚನೆಯೊಂದೇ ಭಾಷೆಯ ಗುರುತು. ಆ ಬರಹವನ್ನು ಸಾದಾ ಪಠ್ಯವಾಗಿ ನಕಲಿಸಿ ಇಮೇಲಿನಲ್ಲಿ ಹಾಕಿದೊಡನೆ ಸೂಚನೆ ಉದುರಿಹೋಗಿ, ಕನ್ನಡವೂ ಮರಾಠಿಯೂ ನಡುವೆ ಬಂದ ಇಂಗ್ಲಿಷ್ ಹೆಸರುಗಳೂ ಒಂದೇ ರಾಶಿಯಾಗುತ್ತವೆ. ಆಗ ಬೇರ್ಪಡಿಸಬಲ್ಲವನು ಎರಡೂ ಭಾಷೆಗಳನ್ನು ಬಲ್ಲ ಮನುಷ್ಯನೇ ಹೊರತು ಯಂತ್ರವಲ್ಲ. ಕಾಕತಿಯ ಓಣಿಗಳಲ್ಲಿ ಬೆಳೆದವನಿಗೆ ಈ ಕೆಲಸಕ್ಕೆ ಬೇಕಾದ ಶಿಕ್ಷಣ ಬಾಲ್ಯದಲ್ಲಿಯೇ ದೊರೆತಿರುತ್ತದೆ.

ಈ ಅವ್ಯವಸ್ಥೆಗೆ ಶಾಸ್ತ್ರೀಯವಾದ ಪರಿಹಾರವನ್ನು ಯೋಚಿಸಿದವರು ಇಲ್ಲದಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಬೆಳೆದ ಸಂಶೋಧನೆಯ ಫಲವಾಗಿ, ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇಸ್ಕಿ ಎಂಬ ಸಂಕೇತವನ್ನು ಮಾನ್ಯಮಾಡಿತು. ಅದರ ತತ್ತ್ವ ಉದಾತ್ತವಾದುದು: ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಸಂತಾನವಾದುದರಿಂದ ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಅಂಕಿ, ಆಕಾರವನ್ನಲ್ಲದೆ ಉಚ್ಚಾರವನ್ನು ಗುರುತಿಸುವ ವ್ಯವಸ್ಥೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ, ಯೂನಿಕೋಡೆಂಬ ಜಾಗತಿಕ ಸಂಕೇತದ ಮೊದಲ ಆವೃತ್ತಿಯು ಇಸ್ಕಿಯ ಹಿಂದಿನ ಕರಡಿನ ಅನುಕ್ರಮವನ್ನು ಅನುಸರಿಸಿ, ಆದರೆ ಪ್ರತಿಯೊಂದು ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ನಿವೇಶನವನ್ನು ಕೊಟ್ಟು, ಕನ್ನಡ ಮರಾಠಿಗಳ ಗೊಂದಲವನ್ನು ತತ್ತ್ವತಃ ನಿವಾರಿಸಿತು. ಆದರೆ ಅದು ಸಾಮಾನ್ಯರ ಕೈಗೆ ಬರಲು ಹತ್ತು ವರ್ಷ ಹಿಡಿಯಿತು. ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಫಾಂಟು ಬಂದುದು 2001ರಲ್ಲಿ. ಆ ಹತ್ತು ವರ್ಷಗಳಲ್ಲಿ ಜನ ಕಾಯುತ್ತ ಕೂರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಉಚ್ಚಾರಾನುಸಾರಿ ಕೀಲಿಮಣೆಯಿಂದ ಕನ್ನಡ ಬೆರಳಚ್ಚು ಸರ್ವಸುಲಭವಾಯಿತು; 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಿತು; ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನು ಪ್ರವೇಶಿಸಿತು. ಪಾಟೀಲ ಪುಟ್ಟಪ್ಪನವರ ಅಧ್ಯಕ್ಷತೆಯಲ್ಲಿ 2003ರಲ್ಲಿ ಬೆಳಗಾವಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದ ಕಾಲಕ್ಕೂ, ಕನ್ನಡದ ಅಚ್ಚಿನ ಕೆಲಸವು ಬಹುಪಾಲು ಈ ಆಸ್ಕಿ ಫಾಂಟುಗಳಲ್ಲಿಯೇ ಸಾಗಿತ್ತು. ಕರ್ನಾಟಕ ಸರ್ಕಾರವು ಯೂನಿಕೋಡನ್ನು ಅಧಿಕೃತವಾಗಿ ಒಪ್ಪಿದುದು 2012ರಲ್ಲಿ.

ಅಷ್ಟು ಹೊತ್ತಿಗೆ ಹಳೆಯ ಫಾಂಟುಗಳ ಬರಹದ ರಾಶಿ ಬೆಳೆದಿತ್ತು. ಅದನ್ನು ಯೂನಿಕೋಡಿಗೆ ತರುವ ಕಾರ್ಯದ ಕಷ್ಟವನ್ನು ಅರಿಯಬೇಕಾದರೆ 'ವರ್ಷ' ಎಂಬ ಒಂದು ಪದ ಸಾಕು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಬರೆಯುವ ಕ್ರಮ: ವಕಾರ, ಷಕಾರ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ: ವಕಾರ, ರಕಾರ, ಹಲಂತ, ಷಕಾರ. ಆದ್ದರಿಂದ ಅಂಕಿಗೆ ಅಂಕಿಯನ್ನು ಬದಲಿಸಿದರೆ ಸಾಲದು. ಅರ್ಕಾವೊತ್ತು ಕಂಡಲ್ಲೆಲ್ಲ ಹಿಂದಕ್ಕೆ ಸರಿದು, ಒತ್ತುಗಳನ್ನೂ ಸ್ವರಚಿಹ್ನೆಗಳನ್ನೂ ದಾಟಿ, ಅಕ್ಷರದ ಮೊದಲಿಗೆ ರಕಾರವನ್ನು ತಂದಿಡಬೇಕು. ಅಂತೆಯೇ 'ರ್‍ಯಾಲಿ' ಎಂಬಂಥ ಪದದಲ್ಲಿ ರಕಾರವು ಅರ್ಕಾವೊತ್ತಾಗದೆ ನಿಲ್ಲಬೇಕಾದರೆ ಕಣ್ಣಿಗೆ ಕಾಣದ ಸಂಯೋಜಕ ಚಿಹ್ನೆಯೊಂದನ್ನು ನಡುವೆ ಇಡಬೇಕಾಗುತ್ತದೆ. ಇವೆಲ್ಲಕ್ಕೂ ನಿಯಮಗಳನ್ನು ಬರೆದ ಪರಿವರ್ತಕಗಳು ಬಂದುವು. ಹಳಕಟ್ಟಿಯವರ ಗ್ರಂಥವು ಬೆಳಗಾವಿಯಲ್ಲಿ ಅಚ್ಚಾಗಿ ತೊಂಬತ್ತು ವರ್ಷಗಳು ತುಂಬಿದ ಸಮಯಕ್ಕೆ, 'ವಚನ ಸಂಚಯ' ಎಂಬ ಯೋಜನೆಯಲ್ಲಿ ಸುಮಾರು 21,000 ವಚನಗಳು ಹಳೆಯ ಸಂಕೇತದಿಂದ ಯೂನಿಕೋಡಿಗೆ ಬಂದು, ಪದಪದವನ್ನೂ ಹುಡುಕಬಲ್ಲ ಸ್ಥಿತಿಯನ್ನು ಪಡೆದುವು. ತಾಡವೋಲೆಯಿಂದ ಮೊಳೆಗೆ, ಮೊಳೆಯಿಂದ ಆಸ್ಕಿ ಫಾಂಟಿಗೆ, ಅಲ್ಲಿಂದ ಯೂನಿಕೋಡಿಗೆ ಬಸವಾದಿ ಪ್ರಮಥರ ಮಾತು ನಡೆದುಬಂದ ಈ ಹಾದಿಯನ್ನು ನೆನೆದಾಗ ನನಗೆ ಅಪಾರವಾದ ಆನಂದವಾಗುತ್ತದೆ.

ಆದರೆ ವಚನಗಳಿಗೆ ಸಂದ ಭಾಗ್ಯ ಊರೂರಿನ ಸ್ಮರಣಸಂಚಿಕೆಗಳಿಗೆ, ಸಹಕಾರಿ ಸಂಘಗಳ ವರದಿಗಳಿಗೆ, ನಿವೃತ್ತ ಶಿಕ್ಷಕರು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಗ್ರಾಮಚರಿತ್ರೆಗಳಿಗೆ ಸಂದಿಲ್ಲ. ಅವುಗಳಲ್ಲಿ ಬಹಳಷ್ಟು ಪೇಜ್‌ಮೇಕರ್ ಕಡತಗಳಾಗಿ ಉಳಿದಿವೆ. 1985ರಲ್ಲಿ ಜನಿಸಿ ಡಿಟಿಪಿ ಎಂಬ ವೃತ್ತಿಗೇ ನೆಲೆ ಹಾಕಿಕೊಟ್ಟ ಆ ತಂತ್ರಾಂಶದ ಏಳನೆಯ ಆವೃತ್ತಿ 2001ರಲ್ಲಿ ಬಂದುದೇ ಕೊನೆ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ತನ್ನ ಸಿಎಸ್6 ಆವೃತ್ತಿಯವರೆಗೆ, ಎಂದರೆ 2012ರವರೆಗೆ, ಹಳೆಯ ಕಡತಗಳನ್ನು ತೆರೆಯುತ್ತಿತ್ತು. ಆಮೇಲಿನ ಆವೃತ್ತಿಗಳು ತೆರೆಯುವುದಿಲ್ಲ. ಅದೇ ಸಿಎಸ್6ರಲ್ಲಿಯೇ ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸುವ ಸಾಮರ್ಥ್ಯವೂ ಸೇರಿಕೊಂಡಿತು. ಹೀಗೆ ಎರಡು ಕಾಲಗಳನ್ನೂ ಬಲ್ಲ ಆವೃತ್ತಿ ಅದೊಂದೇ ಆಗಿರುವುದರಿಂದ, ಎಷ್ಟೋ ಅಂಗಡಿಗಳವರು ಹಳೆಯ ಗಣಕವೊಂದನ್ನು ಅಂತರ್ಜಾಲಕ್ಕೆ ಸೇರಿಸದೆ, ಅದರ ವ್ಯವಸ್ಥೆಯನ್ನು ಹೊಸದಾಗಿಸದೆ, ಜೋಪಾನವಾಗಿ ಕಾಯ್ದುಕೊಂಡಿರುತ್ತಾರೆ. ಅದನ್ನು ಹಿಂದುಳಿದವರ ಹಠವೆಂದು ಎಣಿಸುವ ತರುಣರಿದ್ದಾರೆ. ಅದು ಕರ್ತವ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅನುಭವಿಗಳು ಅನುಸರಿಸುವ ಕ್ರಮವನ್ನು ಇಲ್ಲಿ ಹೇಳುವುದು ಅವಶ್ಯ. ಅವರು ಮೂಲ ಕಡತವನ್ನು ಎಂದಿಗೂ ಮುಟ್ಟುವುದಿಲ್ಲ, ಪ್ರತಿಯನ್ನು ಮಾಡಿಕೊಂಡೇ ಕೆಲಸಕ್ಕೆ ಕೈಯಿಡುತ್ತಾರೆ. ಕಡತ ಯಾವ ವರ್ಷದ್ದು, ಯಾವ ಅಂಗಡಿಯಲ್ಲಿ ಆದದ್ದು, ಅಲ್ಲಿ ಆಗ ಯಾವ ಫಾಂಟು ರೂಢಿಯಲ್ಲಿತ್ತು ಎಂದು ಕೇಳಿ ತಿಳಿಯುತ್ತಾರೆ. ಅಚ್ಚಾದ ಪ್ರತಿಯಿದ್ದರೆ ಅದನ್ನು ತರಿಸಿ, ಅದರ ಒಂದು ಸಾಲಿಗೂ ಕಡತದ ಒಂದು ಸಾಲಿಗೂ ತಾಳೆಹಾಕಿ ಯಾವ ಗೂಡಿನಲ್ಲಿ ಯಾವ ಅಕ್ಷರವಿದೆಯೆಂದು ಗೊತ್ತುಮಾಡಿಕೊಳ್ಳುತ್ತಾರೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಯಕಾರ, ಅಂಕಿಗಳು, ಇಂಗ್ಲಿಷ್ ಹೆಸರುಗಳು ಇವಿಷ್ಟನ್ನು ಮೊದಲು ಪರೀಕ್ಷಿಸಿ, ಅನಂತರ ಸಮಗ್ರವಾಗಿ ಕರಡು ತಿದ್ದುತ್ತಾರೆ. ಎರಡು ಪಾಠಗಳನ್ನು ತಾಳೆಹಾಕಿ ಅಜ್ಞಾತ ಲಿಪಿಯನ್ನು ಬಿಡಿಸುವ ಶಾಸನತಜ್ಞರ ವಿಧಾನಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಮನ್ನಣೆಯಲ್ಲಿ: ಫ್ಲೀಟನ ವಾಚನಗಳು ಸಂಪುಟಗಳಾಗಿ ನಿಂತಿವೆ, ಅಂಗಡಿಯ ಆಪರೇಟರನ ಜ್ಞಾನವು ಅವನು ವೃತ್ತಿ ಬಿಟ್ಟ ದಿನ ಅವನೊಡನೆಯೇ ಹೊರಟುಹೋಗುತ್ತದೆ.

ಮೋಡಿ ಲಿಪಿಗೂ ಯೂನಿಕೋಡಿನಲ್ಲಿ ಸ್ಥಾನ ದೊರೆತುದು 2014ರ ಜೂನ್ ತಿಂಗಳಲ್ಲಿ, ಅದರ ಏಳನೆಯ ಆವೃತ್ತಿಯಲ್ಲಿ.  ಗಣಕದಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಪೆಟ್ಟಿಗೆಯಲ್ಲಿರುವ ಮೋಡಿ ಪತ್ರ ತಾನಾಗಿ ತೆರೆಯುವುದಿಲ್ಲ, ಓದಬಲ್ಲವರು ಬೇಕು. ಫಾಂಟುಗಳ ವಿಷಯವೂ ಇದೇ. ಕಾಕತಿಯನ್ನು ದಾಟಿ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಭೂತರಾಮನಹಟ್ಟಿ ಸಿಗುತ್ತದೆ; ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು 2010ರಲ್ಲಿ ಸ್ಥಾಪಿತವಾದದ್ದು ಅಲ್ಲಿಯೇ. ಈ ಸೀಮೆಯ ಕನ್ನಡ ಮರಾಠಿ ಫಾಂಟುಗಳನ್ನೆಲ್ಲ ಒಂದೆಡೆ ಕೂಡಿಸಿ, ಪ್ರತಿಯೊಂದರ ಗೂಡುಗಳ ಪಟ್ಟಿಯನ್ನು ಸಿದ್ಧಪಡಿಸಿ, ಹಳೆಯ ಆಪರೇಟರುಗಳನ್ನು ಕರೆಸಿ ಅವರ ಅನುಭವವನ್ನು ಬರೆದಿಟ್ಟುಕೊಳ್ಳುವ ಕಾರ್ಯವನ್ನು ಅಂಥದೊಂದು ವಿದ್ಯಾಸಂಸ್ಥೆ ಕೈಗೊಳ್ಳಬೇಕೆಂಬುದು ನನ್ನ ಹಂಬಲ. ಅದಕ್ಕೆ ಬೇಕಾದ ಪರಿಕರ ಬಹಳವಿಲ್ಲ: ಫ್ಲಾಪಿ ಓದಬಲ್ಲ ಒಂದೆರಡು ಹಳೆಯ ಗಣಕಗಳು, ಎರಡೂ ಭಾಷೆಗಳನ್ನು ಬಲ್ಲ ಕೆಲವರು ತರುಣರು, ಊರೂರಿನ ಅಂಗಡಿಗಳ ಬಾಗಿಲಿಗೆ ಹೋಗಿ, "ನಿಮ್ಮ ಕಡೆ ಹಳೀ ಫೈಲು ಏನರ ಅದಾವೇನ್ರಿ" ಎಂದು ವಿನಯದಿಂದ ಕೇಳುವ ತಾಳ್ಮೆ.